ತಾತ ಗೆಟ್ಟಿಸ್‌ಬರ್ಗ್‌ನಲ್ಲಿ ಇದ್ದರಾ? ಕುದುರೆ ಪಡೆಯ ಅಧಿಕಾರಿಯೊಬ್ಬರ ಹಳೆ ಕಾಗದಗಳು

ಪ್ರಶ್ನೆ: ನನ್ನ ಮಗಳು ಅಮೆರಿಕದ ಇಲಿನಾಯ್ ರಾಜ್ಯದಲ್ಲಿದ್ದಾಳೆ. ಅಳಿಯ ಅಲ್ಲಿಯವರೇ. ಅವರ ಮನೆಯಲ್ಲಿ ಒಂದು ಹಳೆ ಕತ್ತಿ ಇದೆ, ಅದಕ್ಕೊಂದು ಕಥೆಯೂ ಇದೆ. ಅಳಿಯನ ಮುತ್ತಜ್ಜನ ಅಪ್ಪ ಅಲ್ಲಿನ ಅಂತರ್ಯುದ್ಧದಲ್ಲಿ ಕುದುರೆ ಪಡೆಯ ಕ್ಯಾಪ್ಟನ್ ಆಗಿದ್ದರಂತೆ. ಗೆಟ್ಟಿಸ್‌ಬರ್ಗ್ ಯುದ್ಧದಲ್ಲಿ ಕತ್ತಿ ಹಿಡಿದು ನುಗ್ಗುವಾಗ ಕಾಲಿಗೆ ಏಟು ಬಿತ್ತಂತೆ. ಹನ್ನೊಂದು ವರ್ಷದ ಮೊಮ್ಮಗ ಶಾಲೆಗಾಗಿ ಇದರ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದಾನೆ. ಈಗ ದೂರದ ನೆಂಟರೊಬ್ಬರು ನಾಲ್ಕು ಪುಟ ಕಳಿಸಿದ್ದಾರೆ. ಅದರಲ್ಲಿ ಹುದ್ದೆ ಮೊದಲು ಸಾರ್ಜೆಂಟ್, ಆಮೇಲೆ ಸೆಕೆಂಡ್ ಲೆಫ್ಟಿನೆಂಟ್ ಅಂತಿದೆ. ರೆಜಿಮೆಂಟ್ 7ನೇ ಇಲಿನಾಯ್ ಅಶ್ವದಳ. 1863ರ ಮೇ–ಜೂನ್ ಚೀಟಿಯಲ್ಲಿ ‘ಗೈರು’ ಅಂತ ಬರೆದಿದೆ. ಪಿಂಚಣಿ ಅರ್ಜಿಯಲ್ಲಿ ಮೂಲವ್ಯಾಧಿ, ಕೀಲುನೋವು, ಕುದುರೆ ಮೈಮೇಲೆ ಬಿದ್ದು ಕಾಲು ಜಖಂ ಅಂತಿದೆ. ಕತ್ತಿ ಏಟಿನ ಸುದ್ದಿಯೇ ಇಲ್ಲ. ಮಗಳು, ಅಳಿಯ ಇಬ್ಬರೂ ಪೆಚ್ಚಾಗಿದ್ದಾರೆ. ಮೊಮ್ಮಗ ಮಾತ್ರ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ: ‘ಅಜ್ಜಿ, ಅವರ ಕುದುರೆ ಏನಾಯ್ತು?’ ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕಿ. ಅವನಿಗೆ ಏನು ಹೇಳಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮನೆಯ ಹಿರಿಯರೊಬ್ಬರು ಸುಳ್ಳು ಹೇಳಿದರಾ, ಹೇಳಿದ್ದರೆ ಅದನ್ನು ಮಗುವಿಗೆ ಹೇಗೆ ತಿಳಿಸುವುದು, ಇದೇ ನಿಮ್ಮ ಸಂಕಟ, ಅಲ್ವಾ? ಸೈನಿಕರ ಹಳೆ ಸೇವಾ ದಾಖಲೆಗಳನ್ನು ಓದುವುದು ನನ್ನ ಕೆಲಸ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಈ ನಾಲ್ಕು ಪುಟ ನೋಡಿ ಅವರನ್ನು ಸುಳ್ಳುಗಾರ ಅನ್ನಬೇಡಿ. ಹೇಡಿ ಅಂತಂತೂ ಯಾರೂ ಅನ್ನುವ ಹಾಗಿಲ್ಲ. ‘7ನೇ ಇಲಿನಾಯ್’ ಎಂಬ ಹೆಸರು ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಗೆಟ್ಟಿಸ್‌ಬರ್ಗ್. ಅಂತರ್ಯುದ್ಧ ಅಂದರೆ ಅಮೆರಿಕದ ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ನಡೆದ ಯುದ್ಧ, ಇಲಿನಾಯ್ ಇದ್ದದ್ದು ಉತ್ತರದ ಕಡೆ. ಆ ಯುದ್ಧ ನಡೆದದ್ದು 1863ರ ಜುಲೈ 1ರಿಂದ 3ರವರೆಗೆ, ಪೆನ್ಸಿಲ್ವೇನಿಯಾದಲ್ಲಿ. ಇಲಿನಾಯ್‌ನ ಕುದುರೆ ಸವಾರರು ಅಲ್ಲಿದ್ದದ್ದು ನಿಜ. ಆದರೆ ಅವರು 8ನೇ ಮತ್ತು 12ನೇ ಅಶ್ವದಳದವರು. ಅಲ್ಲಿ ಮೊದಲ ಗುಂಡು ಹಾರಿಸಿದ ಕೀರ್ತಿಯೂ 8ನೇ ದಳದ ಒಬ್ಬ ಲೆಫ್ಟಿನೆಂಟ್‌ಗೆ ಸೇರುತ್ತದೆ. 7ನೇ ದಳದ ಮುಖ್ಯ ಭಾಗ ಆ ದಿನ ಸುಮಾರು ಸಾವಿರ ಮೈಲಿ ದೂರದಲ್ಲಿತ್ತು. ಲೂಸಿಯಾನಾದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯಲ್ಲಿ, ಪೋರ್ಟ್ ಹಡ್ಸನ್ ಎಂಬ ಕೋಟೆಗೆ ಹಾಕಿದ ಮುತ್ತಿಗೆಯಲ್ಲಿ. ಆ ಕೋಟೆ ಶರಣಾದದ್ದು ಜುಲೈ 9ರಂದು. ಹಾಗಾಗಿ ನಿಮ್ಮ ಹಿರಿಯರು ಗೆಟ್ಟಿಸ್‌ಬರ್ಗ್‌ನಲ್ಲಿ ಇರಲಿಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಹಾಗಾದರೆ ಕಥೆ ಎಲ್ಲಿಂದ ಬಂತು? ಮನೆಮಾತಿನಲ್ಲಿ ಪುಟ್ಟ ಹೆಸರುಗಳು ಉಳಿಯುವುದಿಲ್ಲ. ದೊಡ್ಡ ಹೆಸರು ಬಂದು ಅವುಗಳ ಜಾಗದಲ್ಲಿ ಕೂತುಬಿಡುತ್ತದೆ. ನಮ್ಮಲ್ಲೂ ಇದನ್ನು ಕಂಡಿದ್ದೇನೆ. ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಅಜ್ಜ ಇದ್ದರು ಅಂತ ಕಾಗದ ತಂದು ತೋರಿಸುವವರಲ್ಲಿ ಜಾಸ್ತಿ ಮಂದಿ ಮೊದಲ ಮಹಾಯುದ್ಧದಲ್ಲಿ ನಡೆದ 1918ರ ಹೈಫಾ ಯುದ್ಧದ ಹೆಸರನ್ನೇ ಹೇಳುತ್ತಾರೆ. ಅಜ್ಜ ಆ ದಿನ ಬೇರೆಲ್ಲೋ ಗಾಯಗೊಂಡ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದಿರಬಹುದು. ಮೂರು ತಲೆಮಾರು ಕಳೆದ ಮೇಲೆ ಮನೆಯವರಿಗೆ ನೆನಪಿರುವುದು ಹೈಫಾ ಒಂದೇ. ಇದರಲ್ಲಿ ಮೋಸವೇನೂ ಇಲ್ಲ.

ಈಗ ನಾನು ನೆಟ್ಟಗೆ ಕೂತ ಕಾರಣಕ್ಕೆ ಬರುತ್ತೇನೆ. 1863ರ ಏಪ್ರಿಲ್‌ನಲ್ಲಿ ಈ 7ನೇ ಇಲಿನಾಯ್ ದಳ ಅಂತರ್ಯುದ್ಧದ ಅತಿ ಕಷ್ಟದ ಸವಾರಿಯೊಂದರಲ್ಲಿತ್ತು. ಅದರ ನಾಯಕ ಕರ್ನಲ್ ಬೆಂಜಮಿನ್ ಗ್ರಿಯರ್ಸನ್. ಯುದ್ಧಕ್ಕೆ ಮೊದಲು ಅವರು ಸಂಗೀತದ ಮೇಷ್ಟ್ರು. ಚಿಕ್ಕಂದಿನಲ್ಲಿ ಕುದುರೆ ಒದ್ದಿದ್ದರಿಂದ ಕುದುರೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅಂಥವರ ಕೈಗೆ 1,700 ಸವಾರರು ಬಂದರು. 6ನೇ ಇಲಿನಾಯ್, 7ನೇ ಇಲಿನಾಯ್, 2ನೇ ಅಯೋವಾ, ಹೀಗೆ ಮೂರು ರೆಜಿಮೆಂಟ್. ಏಪ್ರಿಲ್ 17ರಂದು ಟೆನೆಸಿಯ ಲಾ ಗ್ರಾಂಜ್ ಊರಿಂದ ಹೊರಟರು. ಶತ್ರುವಿನ ಮಿಸಿಸಿಪ್ಪಿ ರಾಜ್ಯವನ್ನು ಮೇಲಿಂದ ಕೆಳಕ್ಕೆ ಸೀಳಿಕೊಂಡು ಮೇ 2ರಂದು ಲೂಸಿಯಾನಾದ ಬ್ಯಾಟನ್ ರೂಜ್ ತಲುಪಿದರು. 16 ದಿನ, ಸುಮಾರು 600 ಮೈಲಿ. ಏಪ್ರಿಲ್ 24ರಂದು ನ್ಯೂಟನ್ ಸ್ಟೇಷನ್ ಎಂಬಲ್ಲಿ ರೈಲು ಹಳಿ ಕಿತ್ತರು. ಮಿಸಿಸಿಪ್ಪಿ ನದಿಯ ದಂಡೆಯಲ್ಲಿದ್ದ ಶತ್ರುವಿನ ವಿಕ್ಸ್‌ಬರ್ಗ್ ಕೋಟೆಗೆ ಸಾಮಾನು ಹೋಗುತ್ತಿದ್ದದ್ದು ಆ ದಾರಿಯಲ್ಲೇ. ಶತ್ರು ಇವರ ಬೆನ್ನು ಹತ್ತಿ ಓಡಾಡುತ್ತಿದ್ದ ದಿನಗಳಲ್ಲೇ ಉತ್ತರದ ಜನರಲ್ ಗ್ರಾಂಟ್ ತಮ್ಮ ದೊಡ್ಡ ಸೇನೆಯನ್ನು ಆ ನದಿ ದಾಟಿಸಲು ಸಜ್ಜಾದರು, ಏಪ್ರಿಲ್ 30ರಂದು ದಾಟಿಸಿದರು.

ಕೊನೆಯ 28 ಗಂಟೆಗಳಲ್ಲಿ ಅವರು 76 ಮೈಲಿ ಸವಾರಿ ಮಾಡಿದರು. ಮಧ್ಯೆ ನಾಲ್ಕು ಕಡೆ ಕಾದಾಡಿದರು. ಜನ ಜೀನಿನ ಮೇಲೆ ಕೂತೇ ನಿದ್ದೆ ಹೋದರು. ಇಷ್ಟಾದರೂ ಸತ್ತವರು 3 ಜನ, ಗಾಯಗೊಂಡವರು 7, ಕಾಣೆಯಾದವರು 9. ನಡೆಯಲಾಗದ 5 ಜನರನ್ನು ದಾರಿಯಲ್ಲಿ ಬಿಟ್ಟು ಬರಬೇಕಾಯಿತು. ನಿಮ್ಮ ಹಿರಿಯರು ಸಾರ್ಜೆಂಟ್ ಆಗಿದ್ದದ್ದು ಈ ದಳದಲ್ಲಿ, ಈ ತಿಂಗಳಲ್ಲಿ.

ಇಲ್ಲಿಗೇ ನಿಮ್ಮ ‘ಗೈರು’ ಕೂಡ ಸೇರಿಕೊಳ್ಳುತ್ತದೆ. ಸೇನೆಯಲ್ಲಿ ಎರಡು ತಿಂಗಳಿಗೊಮ್ಮೆ ಹಾಜರಿ ಹಿಡಿಯುತ್ತಿದ್ದರು. ಸಂಬಳದ ಲೆಕ್ಕ ಅದರ ಮೇಲೆ ನಿಂತಿತ್ತು. ಕರೆದಾಗ ತಮ್ಮ ಕಂಪನಿಯ, ಅಂದರೆ ರೆಜಿಮೆಂಟಿನೊಳಗಿನ ತುಕಡಿಯ, ಸಾಲಿನಲ್ಲಿ ಇಲ್ಲದವರೆಲ್ಲ ಗೈರು. ಆಸ್ಪತ್ರೆಯಲ್ಲಿದ್ದರೂ ಗೈರು, ಸೆರೆ ಸಿಕ್ಕಿದ್ದರೂ ಗೈರು, ಕುದುರೆ ತರಲು ಮೇಲಧಿಕಾರಿಯೇ ಕಳಿಸಿದ್ದರೂ ಗೈರು. ಓಡಿಹೋದವರಿಗೆ ಬೇರೆ ಪದವಿತ್ತು, ಅದನ್ನು ಬರೆಯಲು ಗುಮಾಸ್ತರು ಹಿಂಜರಿಯುತ್ತಿರಲಿಲ್ಲ. ನಿಮ್ಮ ಪುಟದಲ್ಲಿ ಆ ಪದ ಇಲ್ಲ.

ಇನ್ನೊಂದು ಸಂಗತಿ ಇದೆ. ಸವಾರಿ ಶುರುವಾಗಿ ಮೂರು ದಿನಕ್ಕೆ, ಏಪ್ರಿಲ್ 20ರ ಬೆಳಗಿನ ಜಾವ, ಗ್ರಿಯರ್ಸನ್ ಸುಮಾರು 175 ಜನರನ್ನು ಆರಿಸಿ ಹಿಂದಕ್ಕೆ ಕಳಿಸಿದರು. ಜ್ವರ ಬಂದವರು, ಕುದುರೆ ಸೋತವರು. ಕ್ವಿನೈನ್ ಅಂದರೆ ಮಲೇರಿಯಾ ಜ್ವರದ ಔಷಧಿ, ಹಾಗಾಗಿ ಜೊತೆಗಾರರು ಇವರಿಗೆ ‘ಕ್ವಿನೈನ್ ಬ್ರಿಗೇಡ್’ ಅಂತ ಹೆಸರಿಟ್ಟರು. ಇವರ ಕೆಲಸ ಸಣ್ಣದಾಗಿರಲಿಲ್ಲ. ಬಂದ ದಾರಿಯಲ್ಲೇ ನಾಲ್ಕು ನಾಲ್ಕು ಸಾಲಾಗಿ ವಾಪಸ್ ಹೋಗಿ, ಇಡೀ ಪಡೆಯೇ ತಿರುಗಿತು ಅಂತ ಶತ್ರು ನಂಬುವ ಹಾಗೆ ಗೊರಸಿನ ಗುರುತು ಮೂಡಿಸಬೇಕಿತ್ತು. ಈಗ ಯೋಚಿಸಿ. ಹೀಗೆ ವಾಪಸಾದವರು ಟೆನೆಸಿಯಲ್ಲಿ. ರೆಜಿಮೆಂಟಿನ ಬಾವುಟ, ಕರ್ನಲ್ ಎಲ್ಲ ಲೂಸಿಯಾನಾದಲ್ಲಿ. ಮೇ–ಜೂನ್ ಹಾಜರಿಯಲ್ಲಿ ಅವರು ಏನಾಗುತ್ತಾರೆ? ಗೈರು. ನಿಮ್ಮವರು ಈ 175 ಜನರಲ್ಲಿ ಒಬ್ಬರು ಅಂತ ನಾನು ಹೇಳುತ್ತಿಲ್ಲ. ಆ ಚೀಟಿಯ ಕೆಳಗಡೆ ‘ಷರಾ’ ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಊರಿನ ಹೆಸರು ಏನಿದೆ ನೋಡಿ. ಲಾ ಗ್ರಾಂಜ್ ಅಥವಾ ಮೆಂಫಿಸ್ ಅಂತಿದ್ದರೆ ನನ್ನ ಊಹೆಗೆ ಬಲ ಬರುತ್ತದೆ.

‘ಕ್ಯಾಪ್ಟನ್’ ವಿಷಯ. ಇದು ಸ್ವಲ್ಪ ಗೋಜಲು. ಇಂಥ ಸ್ವಯಂಸೇವಕ ರೆಜಿಮೆಂಟುಗಳಲ್ಲಿ ಅಧಿಕಾರಿಗೆ ನೇಮಕದ ಪತ್ರ ಕೊಡುತ್ತಿದ್ದವರು ರಾಜ್ಯದ ಗವರ್ನರ್. ಆದರೆ ಆ ಹುದ್ದೆಯ ಸಂಬಳ ಬರಬೇಕಾದರೆ ಕೇಂದ್ರ ಸೇನೆಯ ಅಧಿಕಾರಿ ಅವರನ್ನು ಆ ದರ್ಜೆಯಲ್ಲಿ ಪಟ್ಟಿಗೆ ಸೇರಿಸಿಕೊಳ್ಳಬೇಕಿತ್ತು. ಕಂಪನಿಯಲ್ಲಿ ಜನ ತೀರಾ ಕಡಿಮೆಯಾಗಿದ್ದರೆ ಸೇರಿಸಿಕೊಳ್ಳುತ್ತಿರಲಿಲ್ಲ. ಯುದ್ಧದ ಕೊನೆಕೊನೆಗೆ ಕಂಪನಿಗಳೆಲ್ಲ ಕರಗಿ ಹೋಗಿದ್ದವು. ಹಾಗಾಗಿ ಕೈಯಲ್ಲಿ ಗವರ್ನರ್ ಸಹಿ ಮಾಡಿದ ಬಡ್ತಿ ಪತ್ರ, ಕೇಂದ್ರದ ದಾಖಲೆಯಲ್ಲಿ ಹಳೆ ದರ್ಜೆ, ಹೀಗೆ ಉಳಿದ ಅಧಿಕಾರಿಗಳು ಬೇಕಾದಷ್ಟು ಜನ. ಇಲಿನಾಯ್ ರಾಜ್ಯದ ಮುದ್ರಿತ ಪಟ್ಟಿಯಲ್ಲಿ ಇಂಥ ಹೆಸರುಗಳ ಪಕ್ಕ ‘ಪಟ್ಟಿಗೆ ಸೇರಿಲ್ಲ’ ಎಂಬ ಅರ್ಥದ ಎರಡು ಪದ ಇರುತ್ತವೆ. ಮೊದಲು ಅದನ್ನು ಹುಡುಕಿ.

ಇದಲ್ಲದೆ ‘ಬ್ರೆವೆಟ್’ ಎಂಬ ಗೌರವ ದರ್ಜೆಯೂ ಇತ್ತು. ಹೆಸರಿಗೆ ದೊಡ್ಡ ಹುದ್ದೆ, ಅಧಿಕಾರ ಮತ್ತು ಸಂಬಳ ಸಾಮಾನ್ಯವಾಗಿ ಹಳೆಯದೇ. ಯುದ್ಧ ಮುಗಿಯುವ ಹೊತ್ತಿಗೆ ಇದನ್ನು ರಾಶಿಗಟ್ಟಲೆ ಕೊಟ್ಟರು. 1865ರ ಮಾರ್ಚ್ 13ನೇ ತಾರೀಖು ಹಾಕಿದ ಬ್ರೆವೆಟ್‌ಗಳು ಎಷ್ಟಿವೆ ಅಂದರೆ, ಆ ತಾರೀಖು ಕಂಡ ಕೂಡಲೇ ನಮಗೆ ಗೊತ್ತಾಗಿಬಿಡುತ್ತದೆ. ಹೆಸರಾಂತ ಕಸ್ಟರ್ ಯುದ್ಧದ ಕೊನೆಯಲ್ಲಿ ಮೇಜರ್ ಜನರಲ್. 1866ರಲ್ಲಿ ಖಾಯಂ ಸೇನೆಯ 7ನೇ ಅಶ್ವದಳಕ್ಕೆ ಹೋದದ್ದು ಲೆಫ್ಟಿನೆಂಟ್ ಕರ್ನಲ್ ಆಗಿ. ಆದರೂ ಜನ ಅವರನ್ನು ಜನರಲ್ ಅಂತಲೇ ಕರೆದರು. ಊರಿನಲ್ಲಿ ನಿಮ್ಮವರನ್ನು ಕ್ಯಾಪ್ಟನ್ ಅಂದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಕತ್ತಿ ಏಟು. ಅಂತರ್ಯುದ್ಧ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಎತ್ತಿದ ಕತ್ತಿ, ಓಡುವ ಕುದುರೆ. ಅಂಥ ದಾಳಿ ನಡೆದದ್ದು ಹೌದು, 1863ರ ಜೂನ್ 9ರ ಬ್ರ್ಯಾಂಡಿ ಸ್ಟೇಷನ್ ಕಾಳಗದಲ್ಲಿ ದಿನವಿಡೀ ನಡೆಯಿತು. ಆದರೆ ಉತ್ತರದ ಸೇನೆಯ ವೈದ್ಯರು ಬರೆದಿಟ್ಟ ಸುಮಾರು ಎರಡೂವರೆ ಲಕ್ಷ ಗಾಯಗಳಲ್ಲಿ ಕತ್ತಿ, ಬಯೋನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ) ಎರಡೂ ಸೇರಿ ಸಾವಿರವೂ ಇಲ್ಲ. ಉಳಿದವು ಬಹುಪಾಲು ಗುಂಡಿನವು. ಕುದುರೆ ಪಡೆಯವರು ಜಾಗ ತಲುಪಲು ಕುದುರೆ ಬಳಸುತ್ತಿದ್ದರು. ತಲುಪಿದ ಮೇಲೆ ಇಳಿದು, ಕಾರ್ಬೈನ್ ಎಂಬ ಗಿಡ್ಡ ಬಂದೂಕು ಹಿಡಿದು ನೆಲದ ಮೇಲೆ ಹೋರಾಡುತ್ತಿದ್ದರು. ನಾಲ್ಕರಲ್ಲಿ ಒಬ್ಬ ಹಿಂದೆ ನಿಂತು ನಾಲ್ಕು ಕುದುರೆಗಳ ಲಗಾಮು ಹಿಡಿಯುತ್ತಿದ್ದ. ಗೆಟ್ಟಿಸ್‌ಬರ್ಗ್‌ನ ಮೊದಲ ಬೆಳಗ್ಗೆ ಉತ್ತರದ ಜನರಲ್ ಬ್ಯೂಫರ್ಡ್ ಅವರ ಸವಾರರು ದಿಬ್ಬಗಳನ್ನು ಉಳಿಸಿಕೊಂಡದ್ದು ಹೀಗೆಯೇ. 1864ರ ಡಿಸೆಂಬರ್‌ನಲ್ಲಿ ನ್ಯಾಶ್‌ವಿಲ್ ಯುದ್ಧದಲ್ಲಿ 7ನೇ ಇಲಿನಾಯ್ ಇದ್ದ ಡಿವಿಷನ್ ಕುದುರೆ ಇಳಿದು, ಫಿರಂಗಿ ಇಟ್ಟ ದಿಬ್ಬಗಳ ಮೇಲೆ ಓಡಿ ಹತ್ತಿತು. ಆ ಹೊತ್ತಿಗೆ ನಿಮ್ಮವರು ಸೆಕೆಂಡ್ ಲೆಫ್ಟಿನೆಂಟ್. ಕಂಪನಿಗೆ ಮುಂದಾಳಾಗಿ ಓಡಬೇಕಾದವರು.

ಮೂಲವ್ಯಾಧಿ, ಕೀಲುನೋವು ಅಂತ ಓದಿ ಪೆಚ್ಚಾಗಬೇಡಿ. ನನಗೆ ಈ ಅರ್ಜಿಗಳನ್ನು ಓದುವಾಗ ಗಂಟಲು ಕಟ್ಟುವುದು ಇಂಥ ಸಾಲುಗಳಲ್ಲೇ. ನಾಲ್ಕು ವರ್ಷ ಮರದ ಜೀನಿನ ಮೇಲೆ, ಮಳೆಯಲ್ಲಿ, ಕೆಟ್ಟ ನೀರು ಕುಡಿದು, ದಿನಕ್ಕೆ ಮೂವತ್ತು ನಲವತ್ತು ಮೈಲಿ. ಅದು ಮೈಯಲ್ಲಿ ಹೀಗೆ ಉಳಿಯುತ್ತದೆ. ಕುದುರೆ ಪಡೆಯವರ ಪಿಂಚಣಿ ಕಾಗದಗಳಲ್ಲಿ ಮೂಲವ್ಯಾಧಿ, ಭೇದಿ, ಅಂಡವಾಯು, ಕುದುರೆ ಬಿದ್ದು ಮುರಿದ ಎಲುಬು, ಇವೇ ಮತ್ತೆ ಮತ್ತೆ ಬರುತ್ತವೆ. ಆ ಯುದ್ಧದಲ್ಲಿ ಉತ್ತರದ ಕಡೆ ಸತ್ತ ಸುಮಾರು 3,60,000 ಜನರಲ್ಲಿ ಗುಂಡಿಗೆ ಬಲಿಯಾದವರು ಮೂರನೇ ಒಂದು ಭಾಗದಷ್ಟು. ಉಳಿದವರನ್ನು ಹೆಚ್ಚಾಗಿ ಕಾಯಿಲೆ ತಿಂದಿತು. ಕಾಲಿನ ಏಟು ನಿಜ, ಕುಂಟಿದ್ದು ನಿಜ. ಕತ್ತಿ ಮಾತ್ರ ಆಮೇಲೆ ಸೇರಿದ್ದು. ಪ್ರಾಯಶಃ ಗೋಡೆಯ ಮೇಲೆ ಕತ್ತಿ ಇದ್ದದ್ದರಿಂದಲೇ ಸೇರಿರಬೇಕು.

ಆ ಕತ್ತಿಯ ಬಗ್ಗೆ ಒಂದು ಎಚ್ಚರಿಕೆ. ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ತಿಕ್ಕಲು ಬಿಡಬೇಡಿ. ಹಬ್ಬಕ್ಕೆ ಹಿತ್ತಾಳೆ ಬೆಳಗುವ ಕೈ ನಮ್ಮದು, ಆದರೆ ಹುಳಿ ತಗುಲಿದರೆ ಅಲಗಿನ ಮೇಲಿನ ತೆಳು ಕೆತ್ತನೆ ಹೋಗುತ್ತದೆ. ತಯಾರಕರ ಮುದ್ರೆ, ಇಸವಿ ಹಿಡಿ ಹತ್ತಿರ ಇರಬಹುದು, ಅದರ ಫೋಟೋ ತೆಗೆಸಿ. ಅಧಿಕಾರಿಗಳು ಕತ್ತಿಯನ್ನು ಸ್ವಂತ ದುಡ್ಡಿನಲ್ಲೇ ಕೊಳ್ಳಬೇಕಿತ್ತು. ಹಾಗೆಯೇ, ಯುದ್ಧ ಮುಗಿದ ಮೇಲೆ ಸಂಘ–ಸಂಸ್ಥೆಗಳ ಮೆರವಣಿಗೆಗೆ ಮಾಡಿಸಿದ ಕತ್ತಿಗಳನ್ನು ಯುದ್ಧದ ಕತ್ತಿ ಅಂದುಕೊಂಡ ಮನೆಗಳೂ ಬಹಳ ಇವೆ.

ಮೊಮ್ಮಗ ಗೆಟ್ಟಿಸ್‌ಬರ್ಗ್‌ಗೆ ಹೋದರೆ ಅಲ್ಲಿ ಯಾರಾದರೂ ಪ್ರತಿಮೆಗಳ ಲೆಕ್ಕ ಹೇಳಬಹುದು. ಕುದುರೆಯ ಒಂದು ಕಾಲು ಎತ್ತಿದ್ದರೆ ಸವಾರನಿಗೆ ಗಾಯ, ಎರಡು ಎತ್ತಿದ್ದರೆ ಸಾವು ಅಂತ. ಅಂಥ ನಿಯಮ ಇಲ್ಲ. ಅಲ್ಲೇ 1998ರಲ್ಲಿ ನಿಲ್ಲಿಸಿದ, ದಕ್ಷಿಣದ ಜನರಲ್ ಲಾಂಗ್‌ಸ್ಟ್ರೀಟ್ ಪ್ರತಿಮೆಯ ಕುದುರೆ ಕಾಲೆತ್ತಿದೆ, ಅವರಿಗೆ ಗೆಟ್ಟಿಸ್‌ಬರ್ಗ್‌ನಲ್ಲಿ ಗಾಯವೇ ಆಗಿರಲಿಲ್ಲ.

ಮುಂದೆ ಏನು ಮಾಡಬಹುದು? ನೆಂಟರು ಕಳಿಸಿದ ನಾಲ್ಕು ಪುಟ ಪೂರ್ತಿ ಕಡತ ಅಲ್ಲ. ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಸೇವಾ ಕಡತ ಬೇರೆ, ಪಿಂಚಣಿ ಕಡತ ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು, ಶುಲ್ಕ ಕಟ್ಟಬೇಕು, ಕಾಯಬೇಕು. ದುಡ್ಡು ಒಂದಕ್ಕೇ ಆಗುವುದಾದರೆ ಪಿಂಚಣಿ ಕಡತ ತರಿಸಿ. 1890ರ ಕಾನೂನು ಬರುವ ಮೊದಲು, ಕಾಯಿಲೆ ಸೇವೆಯಲ್ಲೇ ಬಂತು ಅಂತ ಅರ್ಜಿದಾರ ಸಾಬೀತು ಮಾಡಬೇಕಿತ್ತು. ಅದಕ್ಕೆ ಜೊತೆಗಾರರಿಂದ ಪ್ರಮಾಣಪತ್ರ ಬರೆಸುತ್ತಿದ್ದರು. ‘ನಾನು ಅವನ ಪಕ್ಕದಲ್ಲೇ ಇದ್ದೆ, ಇಂಥ ಹೊಳೆ ದಾಟುವಾಗ ಕುದುರೆ ಜಾರಿ ಅವನ ಮೇಲೆ ಬಿತ್ತು’ ಎಂಬಂಥ ಮಾತು ಸಿಗುವುದು ಅಲ್ಲಿ ಮಾತ್ರ. ಆದರೆ ಅದನ್ನು ಕಣ್ಣು ಮುಚ್ಚಿ ನಂಬಬೇಡಿ. ಇಪ್ಪತ್ತು ಮೂವತ್ತು ವರ್ಷದ ನಂತರದ ನೆನಪು ಅದು, ಗೆಳೆಯನಿಗೆ ಪಿಂಚಣಿ ಸಿಗಲಿ ಎಂಬ ಆಸೆಯೂ ಅದರಲ್ಲಿ ಬೆರೆತಿರುತ್ತದೆ. ತಾರೀಖು, ಊರಿನ ಹೆಸರನ್ನು ಸೇನೆಯ ವರದಿಗಳ ಜೊತೆ ಹೋಲಿಸಿ ನೋಡಿ. ಆ ವರದಿಗಳು 128 ಸಂಪುಟಗಳಲ್ಲಿ ಅಚ್ಚಾಗಿವೆ, ಉಚಿತವಾಗಿ ಓದಲು ಸಿಗುತ್ತವೆ.

ದುಡ್ಡು ಖರ್ಚಿಲ್ಲದೆ ಇವತ್ತೇ ಮಾಡಬಹುದಾದದ್ದೂ ಇದೆ. ಇಲಿನಾಯ್ ರಾಜ್ಯ ದಾಖಲೆ ಇಲಾಖೆ ಅಂತರ್ಯುದ್ಧದ ಸೈನಿಕರ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಎತ್ತರ, ಕೂದಲಿನ ಬಣ್ಣ, ಕಸುಬು, ಹುಟ್ಟೂರು, ಸೇರಿದ ತಾರೀಖು ಅಲ್ಲಿ ಸಿಗಬಹುದು. ಮೊಮ್ಮಗನೇ ಹುಡುಕಲಿ. ಒಂದೇ ಒಂದು ಅಪಾಯ, ಒಂದೇ ಹೆಸರಿನವರು ಐದಾರು ಜನ ಇರುತ್ತಾರೆ. ರೆಜಿಮೆಂಟ್, ಕಂಪನಿಯ ಅಕ್ಷರ, ಊರು ಮೂರೂ ಹೊಂದಿದರೆ ಮಾತ್ರ ನಮ್ಮವರು ಅನ್ನಿ.

ಯುದ್ಧ ಯಾಕೆ ನಡೆಯಿತು ಅನ್ನುವುದನ್ನು ಅವನ ಪ್ರಾಜೆಕ್ಟಿನಿಂದ ಬಿಡಬೇಡಿ. ಸವಾರಿ, ಕುದುರೆ, ಕತ್ತಿಯ ಮಧ್ಯೆ ಅದು ಮರೆತುಹೋಗುತ್ತದೆ. ಮನುಷ್ಯರನ್ನು ಕೊಂಡು ಮಾರುವ ಪದ್ಧತಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಹೊರಟವು. 1863ರ ಜನವರಿ 1ರಂದು ಲಿಂಕನ್ ದಂಗೆಯೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರು ಅಂತ ಸಾರಿದರು. ಗ್ರಿಯರ್ಸನ್ ಪಡೆ ಹಾದುಹೋದ ತೋಟಗಳಿಂದ ಎಷ್ಟೋ ಜನ ಸಿಕ್ಕ ಕುದುರೆ, ಕತ್ತೆ ಹತ್ತಿ ಇವರ ಹಿಂದೆ ಹೊರಟು ಬಂದರು. ಅವರ ಪಾಲಿಗೆ ಆ ಗೊರಸಿನ ಸದ್ದು ಬಿಡುಗಡೆಯ ಸದ್ದು. ಅಜ್ಜಿಯ ಕಡೆಯಿಂದ ಒಂದು ಸಾಲನ್ನೂ ಸೇರಿಸಿ: ದಕ್ಷಿಣದ ಬಂದರುಗಳು ಮುಚ್ಚಿ ಇಂಗ್ಲೆಂಡಿಗೆ ಹತ್ತಿ ನಿಂತುಹೋದ ಅದೇ ವರ್ಷಗಳಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂತು.

ಈಗ ಕುದುರೆ. ನಿಮ್ಮ ಮೊಮ್ಮಗ ಎಲ್ಲರಿಗಿಂತ ಒಳ್ಳೆಯ ಪ್ರಶ್ನೆ ಕೇಳಿದ್ದಾನೆ. ದಕ್ಷಿಣದ ಸೇನೆಯಲ್ಲಿ ಸವಾರ ತನ್ನ ಕುದುರೆ ತಾನೇ ತರಬೇಕಿತ್ತು. ಹೈದರ್, ಟಿಪ್ಪು ಕಾಲದಲ್ಲಿ ನಮ್ಮ ಸಿಲೇದಾರರು ಇದ್ದರಲ್ಲ, ಹಾಗೆ. ದಿನಕ್ಕೆ 40 ಸೆಂಟ್ ಭತ್ಯೆ. ಯುದ್ಧದಲ್ಲಿ ಸತ್ತರೆ ಪರಿಹಾರ, ಸೊರಗಿ ಸತ್ತರೆ ಏನೂ ಇಲ್ಲ. ಹೊಸ ಕುದುರೆ ತರಲು ಸೈನಿಕ ಮನೆಗೆ ಹೋಗಬೇಕಿತ್ತು, ಸಿಗದಿದ್ದರೆ ಕಾಲಾಳು ಆಗಬೇಕಿತ್ತು. ಉತ್ತರದಲ್ಲಿ ಹೆಚ್ಚಿನ ಸವಾರರಿಗೆ ಸರ್ಕಾರವೇ ಕುದುರೆ ಕೊಡುತ್ತಿತ್ತು. ನಿಯಮದ ಪ್ರಕಾರ ಒಂದಕ್ಕೆ ದಿನಕ್ಕೆ 14 ಪೌಂಡ್ ಹುಲ್ಲು, 12 ಪೌಂಡ್ ಕಾಳು. ಆದರೆ ಮಿಸಿಸಿಪ್ಪಿಯಂಥ ಸವಾರಿಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಸೋತ ಕುದುರೆಯನ್ನು ದಾರಿಯಲ್ಲೇ ಬಿಟ್ಟು, ಸಿಕ್ಕ ತೋಟದಿಂದ ಇನ್ನೊಂದನ್ನು ಹಿಡಿದು ಮುಂದೆ ಹೋಗುತ್ತಿದ್ದರು. ಆ 16 ದಿನದಲ್ಲಿ ಅವರು ವಶ ಮಾಡಿಕೊಂಡ ಕುದುರೆ, ಹೇಸರಗತ್ತೆಗಳೇ ಸಾವಿರ. ಹಾಗಾಗಿ ‘ಅವರ ಕುದುರೆ’ ಒಂದೇ ಆಗಿರಲಿಲ್ಲ. ನಾಲ್ಕು ವರ್ಷದಲ್ಲಿ ಹಲವು ಬಂದು ಹೋಗಿರುತ್ತವೆ. ಇಡೀ ಯುದ್ಧದಲ್ಲಿ ಸತ್ತ ಕುದುರೆ, ಹೇಸರಗತ್ತೆಗಳು ಹತ್ತು ಲಕ್ಷಕ್ಕೂ ಮೇಲೆ ಅಂತ ಅಂದಾಜು. ಹುಡುಗನಿಗೆ ಇದನ್ನು ಮುಚ್ಚಿಡಬೇಡಿ. ಮೆತ್ತಗೆ ಹೇಳಿ.

ಅಧಿಕಾರಿಯಾದ ಮೇಲೆ ಮಾತ್ರ ಅವರು ಕುದುರೆಯನ್ನು ಸ್ವಂತ ಹಣದಲ್ಲಿ ಕೊಂಡಿರಬೇಕು. ನಿಯಮ ಹಾಗಿತ್ತು. ಅಂಥ ಕುದುರೆ ಸೇವೆಯಲ್ಲಿ ಸತ್ತರೆ ಸರ್ಕಾರದಿಂದ ಬೆಲೆ ಕೇಳಬಹುದಿತ್ತು. ನಿಮ್ಮವರು ಕೇಳಿದ್ದರೆ ಅದರ ಸುಳಿವು ಕಡತದಲ್ಲಿ ಸಿಗಬಹುದು. ಭಂಡಾರಕ್ಕೆ ಬರೆಯುವಾಗ ‘ಕುದುರೆ ನಷ್ಟದ ಅರ್ಜಿ ಇದೆಯೇ’ ಅಂತ ಒಂದು ಸಾಲು ಸೇರಿಸಿ. ಇದ್ದರೆ ಅದರಲ್ಲಿ ಕುದುರೆಯ ಬಣ್ಣ ಬರೆದಿರಬಹುದು. ಎಲ್ಲಿ ಬಿತ್ತು, ಯಾವ ದಿನ ಬಿತ್ತು ಅನ್ನುವುದೂ ಇರಬಹುದು.